‘ಹಗುರ ಕೆಲಸ’ದ ಗ್ರೇಡ್ ಬದಲಾದದ್ದು ಹೇಗೆ: ಒಂದು ಸಮಾನ ವೇತನ ಹೋರಾಟದ ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಔಷಧಿ ಪ್ಯಾಕ್ ಮಾಡುವ ಒಂದು ಕಾರ್ಖಾನೆಯಲ್ಲಿ ನಡೆದದ್ದು. ದೇಶ, ಊರು, ಕಂಪನಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮುಂದೆ ನಿಂತು ನಡೆಸಿದ ಇಬ್ಬರನ್ನು ‘ಸ’ ಮತ್ತು ‘ರ’ ಎಂದು ಕರೆಯುತ್ತೇನೆ. ಕಾನೂನಿನ ವಿಷಯದಲ್ಲಿ ಆ ಗುಂಪಿಗೆ ನೆರವಾಗಲು ಹೋದವಳು ನಾನು. ನಿರ್ಧಾರಗಳೆಲ್ಲ ಅವರದೇ.

ಸ್ತ್ರೀವಾದಿ ಚಳವಳಿ ಅಂದರೆ ಬಹಳ ಜನರಿಗೆ ದೊಡ್ಡ ಮೆರವಣಿಗೆ, ದೊಡ್ಡ ತೀರ್ಪು, ಹೊಸ ಕಾನೂನು ಇವೇ ನೆನಪಾಗುತ್ತವೆ. ಅವೆಲ್ಲ ಬೇಕು. ಆದರೆ ಆ ಕಾನೂನು ಒಬ್ಬ ಹೆಂಗಸಿನ ಸಂಬಳದ ಚೀಟಿಯವರೆಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಅಲ್ಲಿಯವರೆಗೆ ಯಾರು ತರುತ್ತಾರೆ, ಹೇಗೆ ತರುತ್ತಾರೆ ಅನ್ನುವುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರ್ಖಾನೆಯಲ್ಲಿ ಎರಡು ವಿಭಾಗಗಳಿದ್ದವು. ಚೆಕಿಂಗ್ ಮತ್ತು ಪ್ಯಾಕಿಂಗ್‌ನಲ್ಲಿ ಹೆಚ್ಚೂಕಡಿಮೆ ಎಲ್ಲರೂ ಹೆಂಗಸರು. ಸ್ಟೋರ್ ಮತ್ತು ಲೋಡಿಂಗ್‌ನಲ್ಲಿ ಹೆಚ್ಚೂಕಡಿಮೆ ಎಲ್ಲರೂ ಗಂಡಸರು. ಎರಡಕ್ಕೂ ಸೇರಲು ಬೇಕಾದ ಓದು ಒಂದೇ. ಶಿಫ್ಟ್ ಒಂದೇ. ಆದರೆ ಚೆಕಿಂಗ್‌ನವರ ಸಂಬಳ ಸ್ಟೋರ್‌ನವರದ್ದಕ್ಕಿಂತ ಸುಮಾರು ಐದನೇ ಒಂದು ಪಾಲು ಕಡಿಮೆ. ಯಾವ ಕೆಲಸಕ್ಕೆ ಯಾವ ಸಂಬಳದ ದರ್ಜೆ ಎಂದು ತೋರಿಸುವ ಗ್ರೇಡ್ ಪಟ್ಟಿಯಲ್ಲಿ ಚೆಕಿಂಗ್ ಎದುರು ಬರೆದಿದ್ದದ್ದು ಇಷ್ಟೇ: ಹಗುರ ಕೆಲಸ, ವಿಶೇಷ ಕೌಶಲ ಬೇಕಿಲ್ಲ.

ಆ ‘ಹಗುರ ಕೆಲಸ’ ಏನು ಅಂತ ನೋಡಿ. ಬೆಳಕಿನ ಹಲಗೆಯ ಮುಂದೆ ಸೀಸೆಗಳು ಸಾಲಾಗಿ ಓಡುತ್ತವೆ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದೆಯಾ, ಒಳಗೆ ಕಸದ ಚೂರಿದೆಯಾ, ಮುಚ್ಚಳ ಸರಿಯಾಗಿ ಕೂತಿದೆಯಾ, ಲೇಬಲ್ ಮೇಲಿನ ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನಾಂಕ ಡಬ್ಬಿಯ ಮೇಲಿನದಕ್ಕೆ ಹೊಂದುತ್ತಾ, ಇಷ್ಟನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಬೇಕು. ತಪ್ಪು ಲೇಬಲ್ ಅಂಟಿದ ಒಂದು ಸೀಸೆ ಹೊರಗೆ ಹೋದರೆ ಅದು ರೋಗಿಯ ಕೈ ಸೇರುತ್ತದೆ. ಗಂಟೆಗಟ್ಟಲೆ ಕುತ್ತಿಗೆ ಒಂದೇ ಕೋನದಲ್ಲಿ ಬಾಗಿರುತ್ತದೆ. ಸ್ಟೋರ್‌ನ ಕೆಲಸ ಸುಲಭ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಭಾರ ಎತ್ತಬೇಕು, ಬೆನ್ನು ಹೋಗುತ್ತದೆ. ಪ್ರಶ್ನೆ ಇದು: ಒಂದನ್ನು ಕೌಶಲ ಅಂದದ್ದು, ಇನ್ನೊಂದನ್ನು ಹಗುರ ಅಂದದ್ದು ಯಾವ ಅಳತೆಯಿಂದ?

ಮೊದಲ ದೂರು, ಮೊದಲ ಉತ್ತರ

ಸ ಅಲ್ಲಿ ಬಹಳ ವರ್ಷ ದುಡಿದವರು. ಹೊಸಬರಿಗೆ ಕೆಲಸ ಕಲಿಸುತ್ತಿದ್ದದ್ದು ಅವರೇ. ಸ್ಟೋರ್‌ಗೆ ಹೊಸದಾಗಿ ಬಂದ ಹುಡುಗನೊಬ್ಬ ಮಾತಿನ ನಡುವೆ ತನ್ನ ಸಂಬಳ ಹೇಳಿದಾಗ ಅವರಿಗೆ ವಿಷಯ ಗೊತ್ತಾಯಿತು. ನಿನ್ನೆ ಮೊನ್ನೆ ಬಂದವನಿಗೆ ತಮಗಿಂತ ಜಾಸ್ತಿ ಸಂಬಳ! ಅವರು ಒಬ್ಬರೇ ಎಚ್‌ಆರ್ (ಸಿಬ್ಬಂದಿ ವ್ಯವಹಾರ ನೋಡುವ) ಕಚೇರಿಗೆ ಹೋಗಿ ಕೇಳಿದರು.

ಸಿಕ್ಕ ಉತ್ತರ ಸರಳವಾಗಿತ್ತು. ಒಂದೇ ಕೆಲಸ ಮಾಡುವ ಗಂಡು ಹೆಣ್ಣಿಗೆ ಒಂದೇ ಸಂಬಳ ಕೊಡುತ್ತೇವೆ. ನಿಮ್ಮದು ಬೇರೆ ಕೆಲಸ, ಬೇರೆ ಗ್ರೇಡ್. ಹಾಗಾಗಿ ಹೋಲಿಕೆಯೇ ಇಲ್ಲ. ಕೆಲವು ವಾರ ಕಳೆದ ಮೇಲೆ ಸ ಅವರನ್ನು ಕರೆದು, ‘ನಿಮ್ಮ ಅನುಭವ ನೋಡಿ’ ಎಂದು ಅವರೊಬ್ಬರಿಗೆ ಮಾತ್ರ ಸಂಬಳ ಸ್ವಲ್ಪ ಹೆಚ್ಚಿಸಿದರು. ಯಾರಿಗೂ ಹೇಳಬೇಡಿ ಎಂದೂ ಹೇಳಿ ಕಳಿಸಿದರು.

ಸ ಆ ಹಣ ತೆಗೆದುಕೊಂಡರು. ಮನೆ ನಡೆಯಬೇಕಲ್ವಾ? ಆದರೆ ಮರುದಿನವೇ ಲೈನಿನಲ್ಲಿ ಜೊತೆಗೆ ನಿಲ್ಲುವವರಿಗೆ ಅಷ್ಟನ್ನೂ ಹೇಳಿಬಿಟ್ಟರು. ಇಡೀ ಪ್ರಕರಣದ ಮೊದಲ ತಿರುವು ಇದೇ ಅಂತ ನನ್ನ ಅಭಿಪ್ರಾಯ. ಸಂಬಳ ಗುಟ್ಟಾಗಿ ಇರುವಷ್ಟು ದಿನ ಅನ್ಯಾಯವೂ ಗುಟ್ಟಾಗಿಯೇ ಇರುತ್ತದೆ. ಅಮೆರಿಕದ ಲಿಲಿ ಲೆಡ್‌ಬೆಟರ್ ಒಂದು ಟೈರ್ ಕಾರ್ಖಾನೆಯಲ್ಲಿ ಸುಮಾರು 20 ವರ್ಷ ದುಡಿದ ಮೇಲೆ, ಯಾರೋ ಹೆಸರು ಹಾಕದೆ ಇಟ್ಟುಹೋದ ಚೀಟಿಯಿಂದ ತಮ್ಮ ಸಂಬಳ ಗಂಡಸರಿಗಿಂತ ಕಡಿಮೆ ಎಂದು ತಿಳಿದುಕೊಂಡರು. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ದೂರು ಕೊಡುವ ಅವಧಿ ಮೀರಿದೆ ಎಂದು ಅವರ ವಿರುದ್ಧ ತೀರ್ಪು ಕೊಟ್ಟಿತು. ಗೊತ್ತೇ ಇಲ್ಲದ ವಿಷಯಕ್ಕೆ ದೂರು ಕೊಡುವುದು ಹೇಗೆ? ಮಹಿಳಾ ಸಂಘಟನೆಗಳು ಸುಮ್ಮನಿರಲಿಲ್ಲ. 2009ರ ಜನವರಿಯಲ್ಲಿ ಕಾನೂನೇ ಬದಲಾಯಿತು. ಲೆಡ್‌ಬೆಟರ್ ಅವರಿಗೆ ಅದರಿಂದ ಹಣ ಸಿಗಲಿಲ್ಲ. ಆಮೇಲೆ ಬಂದವರಿಗೆ ದಾರಿ ಸಿಕ್ಕಿತು.

ಎಚ್‌ಆರ್ ಕೊಟ್ಟ ಉತ್ತರದಲ್ಲಿ ಇನ್ನೊಂದು ತೊಡಕಿತ್ತು. ಒಂದೇ ಕೆಲಸಕ್ಕೆ ಒಂದೇ ಸಂಬಳ ಅನ್ನುವುದು ಅರ್ಧ ಹಕ್ಕು ಮಾತ್ರ. ಹೆಂಗಸರನ್ನೆಲ್ಲ ಒಂದು ವಿಭಾಗಕ್ಕೆ, ಗಂಡಸರನ್ನೆಲ್ಲ ಇನ್ನೊಂದು ವಿಭಾಗಕ್ಕೆ ಹಾಕಿಬಿಟ್ಟರೆ ಆ ಹಕ್ಕಿಗೆ ಕೆಲಸವೇ ಇಲ್ಲ. ಇದು ಗೊತ್ತಿದ್ದರಿಂದಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ 100ನೇ ಒಪ್ಪಂದ ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ಸಂಬಳ ಎಂದು ಹೇಳುತ್ತದೆ. ಕೆಲಸ ಬೇರೆ ಇದ್ದರೂ, ಅದು ಬೇಡುವ ಕೌಶಲ, ಶ್ರಮ, ಹೊಣೆ ಮತ್ತು ಕೆಲಸದ ಪರಿಸ್ಥಿತಿ ಸರಿಸಮ ಆಗಿದ್ದರೆ ಸಂಬಳವೂ ಸಮ ಇರಬೇಕು. ಈ ಪ್ರಕರಣದ ದೇಶದಲ್ಲೂ ಈ ಮಾತು ಕಾನೂನಿನಲ್ಲಿತ್ತು. ಎಷ್ಟೋ ವರ್ಷದಿಂದ ಇತ್ತು. ಆ ಕಾರ್ಖಾನೆಯಲ್ಲಿ ಯಾರೂ ಅದನ್ನು ಓದಿ ಹೇಳಿರಲಿಲ್ಲ, ಅಷ್ಟೇ.

ಸಭೆಗೆ ಯಾರೂ ಬರಲಿಲ್ಲ

ರ ವಯಸ್ಸಿನಲ್ಲಿ ಚಿಕ್ಕವರು. ಹೊರಗೆ ಒಂದು ಮಹಿಳಾ ಗುಂಪಿನಲ್ಲಿ ಓಡಾಡಿದ್ದವರು. ಎಲ್ಲರೂ ಸೇರಿ ಮಾತಾಡೋಣ ಎಂದು ಅವರೇ ಮುಂದಾದರು. ಶಿಫ್ಟ್ ಮುಗಿದ ಮೇಲೆ ಸಭೆ ಕರೆದರು. ಬಂದವರು ಬೆರಳೆಣಿಕೆಯಷ್ಟು. ಮತ್ತೆ ಕರೆದರು, ಮತ್ತೆ ಹಾಗೇ ಆಯಿತು. ‘ಇವರಿಗೆ ಆಸಕ್ತಿಯೇ ಇಲ್ಲ’ ಎಂದು ರ ಬೇಸರ ಮಾಡಿಕೊಂಡರು.

ಆಸಕ್ತಿ ಇತ್ತು, ಸಮಯ ಇರಲಿಲ್ಲ. ಶಿಫ್ಟ್ ಮುಗಿದ ತಕ್ಷಣ ಅವರಿಗೆಲ್ಲ ಇನ್ನೊಂದು ಶಿಫ್ಟ್ ಶುರು: ಮಕ್ಕಳು, ಅಡುಗೆ, ಹಿರಿಯರ ಆರೈಕೆ. ಸಂಬಳವಿಲ್ಲದ ಆ ಕೆಲಸವೇ ಹೆಂಗಸರನ್ನು ಸಂಘಟನೆಗಳಿಂದ ದೂರ ಇಡುತ್ತದೆ. ಯೂನಿಯನ್ ಸಭೆಗಳಲ್ಲಿ ಗಂಡಸರೇ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ. ಸ ಇದನ್ನು ಬೇಗ ಹಿಡಿದರು. ಸಭೆಯನ್ನು ಊಟದ ವಿರಾಮಕ್ಕೆ ಬದಲಿಸಿದರು. ಎಲ್ಲರನ್ನೂ ಒಟ್ಟಿಗೆ ಕರೆಯುವುದನ್ನು ಬಿಟ್ಟು, ನಾಲ್ಕೈದು ಜನರ ಚಿಕ್ಕ ಗುಂಪುಗಳಾಗಿ ಬಟ್ಟೆ ಬದಲಿಸುವ ಕೋಣೆಯಲ್ಲೇ ಮಾತು ನಡೆಯಿತು.

ಅಲ್ಲಿ ಮೊದಲು ಬಂದದ್ದು ಸಂಬಳದ ಮಾತಲ್ಲ. ಒಬ್ಬರು ಕಣ್ಣಿನ ಉರಿ ಹೇಳಿದರು. ಇನ್ನೊಬ್ಬರು, ನನಗೂ ಹಾಗೇ, ವಯಸ್ಸಾಯಿತು ಅಂದುಕೊಂಡಿದ್ದೆ ಎಂದರು. ಮೂರನೆಯವರು ಬ್ಯಾಚ್ ಮುಗಿಯಲಿಲ್ಲ ಎಂದು ದಿನಾ ಶಿಫ್ಟ್ ನಂತರವೂ ನಿಲ್ಲುವುದನ್ನು ಹೇಳಿದರು. ಅದಕ್ಕೆ ಓವರ್‌ಟೈಮ್ ಬರೆಯುತ್ತಿರಲಿಲ್ಲ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಹೆಂಗಸರು ಚಿಕ್ಕ ಗುಂಪುಗಳಲ್ಲಿ ಕೂತು ತಮ್ಮ ತಮ್ಮ ಬದುಕಿನ ಕಷ್ಟ ಹೇಳಿಕೊಳ್ಳುತ್ತಿದ್ದರು. ಇದರಲ್ಲಿ ರಾಜಕೀಯ ಏನಿದೆ ಎಂದು ಆಗ ಹಲವರು ಕೇಳಿದರು. ರಾಜಕೀಯ ಶುರುವಾಗುವುದೇ ಅಲ್ಲಿ. ನನ್ನದೊಬ್ಬಳ ತೊಂದರೆ ಅಂದುಕೊಂಡದ್ದು ಹತ್ತು ಜನರದ್ದೂ ಆಗಿದ್ದರೆ, ತಪ್ಪು ನನ್ನಲ್ಲಿಲ್ಲ, ವ್ಯವಸ್ಥೆಯಲ್ಲಿದೆ ಎಂದು ಗೊತ್ತಾಗುತ್ತದೆ.

ಕೆಲವೇ ತಿಂಗಳಲ್ಲಿ ಹೆಚ್ಚಿನವರು ತಮ್ಮ ಸಂಬಳದ ಚೀಟಿ ತಂದು ತೋರಿಸಿದರು. ಸ್ಟೋರ್‌ನ ಕೆಲವು ಗಂಡಸರೂ ತಮ್ಮದನ್ನು ಕೊಟ್ಟರು. ಇದು ಅವರು ತೋರಿದ ದೊಡ್ಡ ಧೈರ್ಯ. ಈಗ ಕೈಯಲ್ಲಿ ಲೆಕ್ಕ ಇತ್ತು.

ಯೂನಿಯನ್ ಒಪ್ಪಿದ್ದು

ಯೂನಿಯನ್ ಮುಖಂಡರಿಗೆ ಇದು ಇಷ್ಟವಾಗಲಿಲ್ಲ. ಅವರ ಭಯ ಸುಳ್ಳಿನದ್ದಲ್ಲ. ಹೆಂಗಸರಿಗೆ ಹೆಚ್ಚಿಸಬೇಕಾದ ಹಣವನ್ನು ಕಂಪನಿ ಗಂಡಸರ ಮುಂದಿನ ಏರಿಕೆಯಿಂದಲೇ ಕಡಿತ ಮಾಡುತ್ತದೆ ಎಂದು ಅವರು ವಾದಿಸಿದರು. ಹಾಗೆ ಆದ ಕಡೆಗಳೂ ಉಂಟು. ರ ಗಟ್ಟಿಯಾಗಿ ಜಗಳವಾಡಿದರು. ಸ ಬೇರೆ ದಾರಿ ಹಿಡಿದರು. ಬೇಡಿಕೆಯ ಮೊದಲ ಸಾಲನ್ನೇ ಬದಲಿಸಿದರು: ಯಾರ ಸಂಬಳವೂ ಇಳಿಯಬಾರದು, ಯಾರ ಏರಿಕೆಯೂ ನಿಲ್ಲಬಾರದು, ಎಲ್ಲ ಕೆಲಸಗಳನ್ನೂ ಒಂದೇ ಅಳತೆಯಲ್ಲಿ ಮತ್ತೆ ಅಳೆಯಬೇಕು. ಹೀಗೆ ಬರೆದಾಗ ಸ್ಟೋರ್‌ನವರ ಬೆನ್ನು ನೋವೂ ಆ ಅಳತೆಯೊಳಗೆ ಬಂತು.

ಆ ಸಭೆಗೆ ನಾನು ಬೆಲ್ಜಿಯಂನ ಎರ್ಸ್ತಾಲ್ ಕಥೆ ಹೇಳಿದೆ. ಯುರೋಪಿನ ಆರು ದೇಶಗಳು 1957ರಲ್ಲಿ ರೋಮ್ ಒಪ್ಪಂದಕ್ಕೆ ಸಹಿ ಹಾಕಿದಾಗ, ಅದರ 119ನೇ ವಿಧಿ ಗಂಡು ಹೆಣ್ಣಿಗೆ ಸಮಾನ ಸಂಬಳ ಎಂದು ಹೇಳಿತ್ತು. ವರ್ಷಗಳು ಕಳೆದರೂ ಅದು ಜಾರಿಯಾಗಲಿಲ್ಲ. 1966ರಲ್ಲಿ ಎರ್ಸ್ತಾಲ್‌ನ ಶಸ್ತ್ರಾಸ್ತ್ರ ಕಾರ್ಖಾನೆಯ ಸುಮಾರು 3,000 ಹೆಂಗಸರು 12 ವಾರ ಮುಷ್ಕರ ಹೂಡಿದರು. ಆ ಮುಷ್ಕರ ಆ ವಿಧಿಯನ್ನು ಮತ್ತೆ ಚರ್ಚೆಗೆ ತಂದಿತು. ಇಡೀ ಸಮಾನತೆಯ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಕಾಗದದ ಮೇಲೆ ಹಕ್ಕು ಇರುತ್ತದೆ. ಯಾರಾದರೂ ಅದನ್ನು ಎತ್ತಿ ಹಿಡಿಯುವವರೆಗೆ ಅದು ಅಲ್ಲೇ ಇರುತ್ತದೆ.

ಯೂನಿಯನ್ ಒಪ್ಪಿತು. ಎಲ್ಲರೂ ಮನಸಾರೆ ಒಪ್ಪಲಿಲ್ಲ. ಒಪ್ಪಿತು ಅನ್ನುವುದು ಸಾಕಾಯಿತು.

ಕಂಪನಿಯ ಕೊಡುಗೆ

ಈಗ ಮ್ಯಾನೇಜ್‌ಮೆಂಟ್ ಮಾತುಕತೆಗೆ ಕರೆಯಿತು. ಮುಂದಿಟ್ಟದ್ದು ಎರಡು. ಚೆಕಿಂಗ್ ವಿಭಾಗದ ಎಲ್ಲರಿಗೂ ಒಂದು ಸಲದ ಬೋನಸ್. ಸ ಅವರಿಗೆ ಸೂಪರ್‌ವೈಸರ್ ಹುದ್ದೆ. ಬದಲಿಗೆ, ಗ್ರೇಡ್ ಬಗ್ಗೆ ಮುಂದೆ ಕೇಳುವುದಿಲ್ಲ ಎಂದು ಎಲ್ಲರೂ ಸಹಿ ಹಾಕಬೇಕು.

ಗುಂಪು ಒಡೆಯುವ ಹಂತಕ್ಕೆ ಬಂದದ್ದು ಇಲ್ಲಿ. ಸಾಲ ಇದ್ದವರು, ಒಂಟಿಯಾಗಿ ಮಕ್ಕಳನ್ನು ಸಾಕುವವರು ಬೋನಸ್ ತೆಗೆದುಕೊಳ್ಳೋಣ ಎಂದರು. ಅವರನ್ನು ಹೇಡಿಗಳು ಎಂದು ಒಬ್ಬರು ಅಂದುಬಿಟ್ಟರು. ಕೆಲವು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಬೋನಸ್ ಕೇಳಿದವರ ಮಾತು ತಪ್ಪು ಅನಿಸಲಿಲ್ಲ. ಬಡತನದಲ್ಲಿ ಕಾಯುವುದು ದುಬಾರಿ. ಕಾಯಲು ಆಗುವವರು ಆಗದವರ ಬಗ್ಗೆ ಕಟುವಾಗಿ ಮಾತಾಡಬಾರದು.

ಮನಸ್ಸು ತಿರುಗಿಸಿದ್ದು ಡೆಗೆನ್‌ಹ್ಯಾಮ್. ಅದರ ಬಗ್ಗೆ ರ ಓದಿಕೊಂಡು ಬಂದಿದ್ದರು. ಪೂರ್ವ ಲಂಡನ್ನಿನ ಡೆಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿನ ಕವರ್ ಹೊಲಿಯುವ 187 ಹೆಂಗಸರು 1968ರ ಜೂನ್‌ನಲ್ಲಿ ಕೆಲಸ ನಿಲ್ಲಿಸಿದರು. ಅವರನ್ನೂ ಕೌಶಲ ಇಲ್ಲದವರ ಗ್ರೇಡಿಗೆ ಹಾಕಿದ್ದರು. ಸೀಟಿಲ್ಲದೆ ಕಾರು ಹೊರಡುವುದಿಲ್ಲ, ಉತ್ಪಾದನೆ ನಿಂತಿತು. ಮೂರು ವಾರದ ಬಳಿಕ, ಸಚಿವೆ ಬಾರ್ಬರಾ ಕ್ಯಾಸಲ್ ನಡುವೆ ಬಂದ ಮೇಲೆ, ಅದೇ ಗ್ರೇಡಿನ ಗಂಡಸರ ಸಂಬಳದ ಶೇ 92ರಷ್ಟು ಕೊಡಲು ಕಂಪನಿ ಒಪ್ಪಿತು. ಅದರ ಬೆನ್ನಿಗೇ 1970ರಲ್ಲಿ ಬ್ರಿಟನ್ನಿನ ಸಮಾನ ವೇತನ ಕಾಯ್ದೆ ಬಂತು. ಎಲ್ಲರೂ ಇಷ್ಟು ಹೇಳಿ ನಿಲ್ಲಿಸುತ್ತಾರೆ. ರ ಅದರ ಮುಂದಿನದನ್ನೂ ಹೇಳಿದರು. ಆ ಹೆಂಗಸರು ಮೊದಲಿಂದ ಕೇಳಿದ್ದು ಗ್ರೇಡ್. ಅದು ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ನಂತರ. ಹಣ ಬೇಗ ಬಂತು, ಅವರ ಕೈಯಲ್ಲಿ ಕಲೆ ಇದೆ ಎಂದು ಒಪ್ಪಲು ಮಾತ್ರ 16 ವರ್ಷ ಬೇಕಾಯಿತು.

ಇದನ್ನು ಕೇಳಿದ ಮೇಲೆ ಗುಂಪು ಒಂದು ತೀರ್ಮಾನಕ್ಕೆ ಬಂತು. ಬೋನಸ್ ಕೊಟ್ಟರೆ ತೆಗೆದುಕೊಳ್ಳುತ್ತೇವೆ, ಸಹಿ ಮಾತ್ರ ಹಾಕುವುದಿಲ್ಲ. ಸ ಸೂಪರ್‌ವೈಸರ್ ಹುದ್ದೆ ಬೇಡವೆಂದರು. ಅದು ಅವರಿಗೆ ಅರ್ಹವಾಗಿ ಬರಬೇಕಾಗಿದ್ದ ಹುದ್ದೆ. ಅದನ್ನು ಬಿಟ್ಟುಕೊಟ್ಟದ್ದು ಚಿಕ್ಕ ವಿಷಯ ಅಲ್ಲ. ಕಂಪನಿ ಬೋನಸ್ ಹಿಂತೆಗೆದುಕೊಂಡಿತು. ಸ ಅವರನ್ನು ರಾತ್ರಿ ಶಿಫ್ಟಿಗೆ ಹಾಕಿತು.

ಪಟ್ಟಿಯಲ್ಲಿಲ್ಲದ ಕೆಲಸ ನಿಲ್ಲಿಸಿದರು

ಮುಷ್ಕರ ಹೂಡುವ ಶಕ್ತಿ ಗುಂಪಿಗೆ ಇರಲಿಲ್ಲ. ಆಗ ಐಸ್‌ಲ್ಯಾಂಡ್ ನೆನಪಾಯಿತು. 1975ರ ಅಕ್ಟೋಬರ್ 24ರಂದು ಅಲ್ಲಿನ ಶೇ 90ರಷ್ಟು ಹೆಂಗಸರು ಒಂದು ದಿನ ಕಚೇರಿಗೂ ಹೋಗಲಿಲ್ಲ, ಮನೆಯ ಕೆಲಸವನ್ನೂ ಮಾಡಲಿಲ್ಲ. ದೇಶವೇ ನಿಂತಿತು. ಮರುವರ್ಷ ಸಮಾನತೆಯ ಕಾನೂನು ಬಂತು. 1980ರಲ್ಲಿ ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಅಲ್ಲಿನ ಅಧ್ಯಕ್ಷೆಯಾಗಿ ಆಯ್ಕೆಯಾದರು. ಜಗತ್ತಿನಲ್ಲಿ ಜನರ ಮತದಿಂದ ಗೆದ್ದು ರಾಷ್ಟ್ರದ ಅಧ್ಯಕ್ಷೆಯಾದ ಮೊದಲ ಮಹಿಳೆ ಅವರು.

ಗುಂಪು ಅದನ್ನು ತನ್ನ ಅಳತೆಗೆ ಇಳಿಸಿಕೊಂಡಿತು. ತಾವು ಮಾಡುತ್ತಿರುವ, ಆದರೆ ಗ್ರೇಡ್ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಕೆಲಸಗಳನ್ನೆಲ್ಲ ಬರೆದರು. ಹೊಸಬರಿಗೆ ಕಲಿಸುವುದು, ಶಿಫ್ಟ್ ಮುಗಿದ ಮೇಲೆ ಬ್ಯಾಚ್ ಮುಗಿಸಿಕೊಡುವುದು, ಲೈನ್ ಒರೆಸುವುದು, ಲೇಬಲ್ ಮೆಷಿನ್ ಸಿಕ್ಕಿಕೊಂಡಾಗ ಬಿಡಿಸುವುದು. ಒಂದು ದಿನದಿಂದ ಇಷ್ಟನ್ನು ಮಾತ್ರ ನಿಲ್ಲಿಸಿದರು. ಪಟ್ಟಿಯಲ್ಲಿ ಬರೆದಿರುವುದನ್ನು ಎಂದಿನಂತೆ ಶ್ರದ್ಧೆಯಿಂದ ಮಾಡಿದರು. ಯಾರ ಮೇಲೂ ಕ್ರಮ ತೆಗೆದುಕೊಳ್ಳಲು ಕಾರಣವೇ ಸಿಗಲಿಲ್ಲ. ಮೆಷಿನ್ ಸಿಕ್ಕಿಕೊಂಡರೆ ಮೆಕ್ಯಾನಿಕ್ ಬರುವವರೆಗೆ ಲೈನ್ ನಿಂತಿರುತ್ತಿತ್ತು. ಬ್ಯಾಚ್‌ಗಳು ಬಾಕಿ ಉಳಿದವು. ಹೊಸಬರು ಏನೂ ತೋಚದೆ ನಿಂತರು. ಕೌಶಲ ಬೇಡದ ಕೆಲಸಕ್ಕೆ ಎಷ್ಟು ಕೌಶಲ ಬೇಕು ಎಂದು ಮ್ಯಾನೇಜ್‌ಮೆಂಟ್‌ಗೆ ತನ್ನ ಲೆಕ್ಕದ ಪುಸ್ತಕದಲ್ಲೇ ಕಂಡಿತು.

ಕೆಲಸಗಳ ಮರು ಅಳತೆಗೆ ಕಂಪನಿ ಒಪ್ಪಿದ್ದು ಇದಾದ ಮೇಲೆ. ಅಳೆಯುವ ಸಮಿತಿಯಲ್ಲಿ ಅರ್ಧ ಜನ ಹೆಂಗಸರು ಇರಬೇಕು ಎಂದು ಗುಂಪು ಹಟ ಹಿಡಿಯಿತು, ಗೆದ್ದಿತು. ಇದು ಬಹಳ ಮುಖ್ಯ. ಏಕೆಂದರೆ ಮೊದಲ ಕರಡಿನಲ್ಲಿ ಶ್ರಮ ಅಂದರೆ ಎತ್ತುವ ತೂಕ ಮಾತ್ರ ಆಗಿತ್ತು. ಕಣ್ಣಿನ ದಣಿವು, ಅಲುಗಾಡದೆ ಕೂರುವುದು, ಗಂಟೆಗಟ್ಟಲೆ ಒಂದೇ ಕಡೆ ಗಮನ ಇಡುವುದು ಯಾವುದಕ್ಕೂ ಅಂಕ ಇರಲಿಲ್ಲ. ಹೊಣೆ ಅಂದರೆ ಸಾಮಾನಿನ ಬೆಲೆ ಎಂದು ಬರೆದಿದ್ದರು. ರೋಗಿಯ ಜೀವ ಅದರಲ್ಲಿ ಬಂದಿರಲಿಲ್ಲ. ಸಮಿತಿಯಲ್ಲಿದ್ದ ಚೆಕಿಂಗ್‌ನವರು ಒಂದೊಂದಾಗಿ ಇವನ್ನು ಸೇರಿಸಿದರು. ಕೊನೆಗೆ ಎರಡೂ ವಿಭಾಗಗಳ ಅಂಕ ಹತ್ತಿರ ಹತ್ತಿರ ಬಂತು.

ಏನಾಯಿತು, ಏನಾಗಲಿಲ್ಲ

ಚೆಕಿಂಗ್ ವಿಭಾಗ ಸ್ಟೋರ್‌ನ ಗ್ರೇಡಿಗೆ ಬಂತು. ಸಂಬಳ ಒಮ್ಮೆಲೇ ಏರಲಿಲ್ಲ, ಮೂರು ವರ್ಷಕ್ಕೆ ಹಂಚಿದರು. ಹಳೆಯ ಬಾಕಿ ಸಿಗಲಿಲ್ಲ. ಬಾಕಿಯ ಹಟ ಬಿಡಬೇಕೋ ಬೇಡವೋ ಎಂದು ದೊಡ್ಡ ಚರ್ಚೆ ಆಯಿತು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಹಿಡಿಯುತ್ತದೆ ಎಂದು ಬಿಟ್ಟರು. ನಿವೃತ್ತಿಗೆ ಹತ್ತಿರ ಇದ್ದವರಿಗೆ ಇದರಿಂದ ನಷ್ಟವಾಯಿತು. ಪಿಂಚಣಿಯ ಲೆಕ್ಕ ಸಂಬಳದ ಮೇಲೇ ನಿಂತಿರುತ್ತದೆ. ಹಾಗಾಗಿ ಹಿಂದಿನ ವರ್ಷಗಳ ಕೊರತೆ ಅವರ ಮುಪ್ಪಿನವರೆಗೂ ಬರುತ್ತದೆ. ಇಬ್ಬರು ನಡುವೆಯೇ ಕೆಲಸ ಬಿಟ್ಟು ಹೋಗಿದ್ದರು. ರಾತ್ರಿ ಶಿಫ್ಟಿನಿಂದ ಸ ಅವರ ಆರೋಗ್ಯ ಕೆಟ್ಟಿತು.

ದೊಡ್ಡ ಕೊರತೆ ಇನ್ನೊಂದಿದೆ. ಅದೇ ಕಟ್ಟಡದಲ್ಲಿ ಸ್ವಚ್ಛತೆಯ ಕೆಲಸ ಮಾಡುವ ಹೆಂಗಸರು ಗುತ್ತಿಗೆದಾರನ ಲೆಕ್ಕದಲ್ಲಿದ್ದರು. ಕಂಪನಿಯ ಗ್ರೇಡ್ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಹೀಗಾಗಿ ಎಲ್ಲರಿಗಿಂತ ಕಡಿಮೆ ಸಂಬಳದವರು ಹೋರಾಟದ ಹೊರಗೇ ಉಳಿದರು. ಸ್ತ್ರೀವಾದಿ ಚಳವಳಿಯ ಒಳಗೆ ಬಡವರು, ಕಪ್ಪು ಹೆಂಗಸರು, ದಲಿತ ಹೆಂಗಸರು, ವಲಸೆ ಬಂದವರು ದಶಕಗಳಿಂದ ಎತ್ತುತ್ತಿರುವ ಪ್ರಶ್ನೆ ಇದೇ: ಯಾವ ಹೆಂಗಸಿನ ಸಮಾನತೆ? ಈ ಪ್ರಶ್ನೆ ಚಳವಳಿಯನ್ನು ಒಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚಳವಳಿ ಬೆಳೆದದ್ದೇ ಈ ಪ್ರಶ್ನೆಯಿಂದ.

ಗೆದ್ದದ್ದು ಉಳಿಯುತ್ತದೆ ಎಂದೂ ನಂಬಿ ಕೂರುವಂತಿಲ್ಲ. ನ್ಯೂಜಿಲೆಂಡಿನಲ್ಲಿ ಹಿರಿಯರ ಆರೈಕೆ ಮಾಡುವ ಕ್ರಿಸ್ಟೀನ್ ಬಾರ್ಟ್‌ಲೆಟ್ ಎಂಬವರು ಕೋರ್ಟಿಗೆ ಹೋದರು. ಈ ಕೆಲಸದಲ್ಲಿ ಹೆಂಗಸರೇ ತುಂಬಿರುವುದರಿಂದ ಸಂಬಳ ಕಡಿಮೆ ಇದೆ ಎಂದು ಅವರ ಯೂನಿಯನ್ ವಾದಿಸಿತು. ಇದರಿಂದ 2017ರಲ್ಲಿ ಸುಮಾರು 55,000 ಆರೈಕೆ ಕೆಲಸಗಾರರ ಸಂಬಳ ಏರಿತು. ಇದು ಈ ಕ್ಷೇತ್ರದ ದೊಡ್ಡ ಗೆಲುವುಗಳಲ್ಲಿ ಒಂದು. 2025ರ ಮೇ ತಿಂಗಳಲ್ಲಿ ಅದೇ ದೇಶದ ಸಂಸತ್ತು ಅವಸರದಲ್ಲಿ ಕಾನೂನು ಬದಲಿಸಿ, ವಿಚಾರಣೆಯಲ್ಲಿದ್ದ 33 ಸಮಾನ ವೇತನ ಬೇಡಿಕೆಗಳನ್ನು ಒಮ್ಮೆಲೇ ನಿಲ್ಲಿಸಿಬಿಟ್ಟಿತು.

ಈ ಪ್ರಕರಣದಿಂದ ಕಂಡದ್ದು

ಕಾರ್ಖಾನೆಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕಾನೂನು ಇತ್ತು. ದೂರು ಕೊಡಲು ಕಚೇರಿ ಇತ್ತು. ಯೂನಿಯನ್ ಇತ್ತು. ಆದರೂ ವರ್ಷಾನುಗಟ್ಟಲೆ ಏನೂ ಆಗಲಿಲ್ಲ. ಹೆಂಗಸರು ತಮ್ಮದೇ ಗುಂಪು ಕಟ್ಟಿಕೊಂಡ ಮೇಲೆ ಆ ಮೂರೂ ಕೆಲಸಕ್ಕೆ ಬಂದವು. ಮಾಲಾ ಹ್ಟುನ್ ಮತ್ತು ಲಾರೆಲ್ ವೆಲ್ಡನ್ ಎಂಬ ರಾಜಕೀಯ ಶಾಸ್ತ್ರಜ್ಞೆಯರು 70 ದೇಶಗಳ 1975ರಿಂದ 2005ರವರೆಗಿನ ವಿವರ ಕಲೆಹಾಕಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಂಗಸರ ಮೇಲಿನ ಹಿಂಸೆ ತಡೆಯುವ ನೀತಿಗಳು ಎಲ್ಲಿ ಬಂದವು, ಏಕೆ ಬಂದವು ಎಂಬುದು ಅವರ ಪ್ರಶ್ನೆ. ದೇಶದ ಸಿರಿವಂತಿಕೆ, ಎಡಪಕ್ಷಗಳ ಬಲ, ಸಂಸತ್ತಿನಲ್ಲಿರುವ ಹೆಂಗಸರ ಸಂಖ್ಯೆ, ಇವೆಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಪಕ್ಷ ಮತ್ತು ಸರ್ಕಾರದಿಂದ ಸ್ವತಂತ್ರವಾಗಿ ನಿಂತ ಸ್ತ್ರೀವಾದಿ ಚಳವಳಿ. ಅವರು ನೋಡಿದ ವಿಷಯ ಬೇರೆ, ಈ ಕಾರ್ಖಾನೆಯದ್ದು ಬೇರೆ. ಆದರೂ ಇಲ್ಲಿ ನಾನು ಕಂಡದ್ದಕ್ಕೆ ಅದು ಹೊಂದುತ್ತದೆ.

ದೂರದ ಚಳವಳಿಗಳು ಈ ಗುಂಪಿಗೆ ಕೊಟ್ಟದ್ದು ಬರೀ ಉತ್ಸಾಹ ಅಲ್ಲ. ಡೆಗೆನ್‌ಹ್ಯಾಮ್‌ನಿಂದ ಅವರು ಏನು ಕೇಳಬೇಕು ಎಂದು ಕಲಿತರು. ಐಸ್‌ಲ್ಯಾಂಡಿನಿಂದ ಹೇಗೆ ಒತ್ತಡ ಹಾಕಬೇಕು ಎಂದು ಕಲಿತರು. 1951ರ ಒಪ್ಪಂದದಿಂದ ವಾದ ಸಿಕ್ಕಿತು. ಬೇರೆಯವರ ತಪ್ಪುಗಳನ್ನು ತಾವು ಮತ್ತೆ ಮಾಡಬೇಕಾಗಲಿಲ್ಲ. ಹಾಗೆಯೇ ಒಬ್ಬರನ್ನು ಮುಂದೆ ನಿಲ್ಲಿಸಿ ಎಲ್ಲ ಭಾರ ಹೊರಿಸುವುದರ ಅಪಾಯವನ್ನೂ ಇಂಥ ಗುಂಪುಗಳು ಗಮನಿಸಬೇಕು. ಸ ಅವರ ಮೇಲೆ ಬಿದ್ದ ಹೊರೆಯನ್ನು ನಾಲ್ಕು ಜನ ಹಂಚಿಕೊಂಡಿದ್ದರೆ ರಾತ್ರಿ ಶಿಫ್ಟಿನ ಶಿಕ್ಷೆ ಅವರೊಬ್ಬರ ಪಾಲಿಗೆ ಬರುತ್ತಿರಲಿಲ್ಲ.

ಗ್ರೇಡ್ ಸಮಿತಿ ಈಗ ವರ್ಷಕ್ಕೊಮ್ಮೆ ಸೇರುತ್ತದೆ. ಹೊಸ ಮೆಷಿನ್ ಬಂದಾಗ, ಹೊಸ ಹುದ್ದೆ ಹುಟ್ಟಿದಾಗ ಅದನ್ನು ಮತ್ತೆ ‘ಹಗುರ’ದ ಕೆಳಗೆ ಬರೆಯದಂತೆ ನೋಡುವುದು ಅದರ ಕೆಲಸ. ರ ಈಗ ಅದರಲ್ಲಿದ್ದಾರೆ. ಸ್ವಚ್ಛತೆಯ ಕೆಲಸದವರು ತಮ್ಮದೇ ಗುಂಪು ಮಾಡಿಕೊಂಡು, ಕೌಶಲ, ಶ್ರಮ, ಹೊಣೆ, ಪರಿಸ್ಥಿತಿ ಎಂಬ ಅದೇ ನಾಲ್ಕು ಅಳತೆಗಳಲ್ಲಿ ತಮ್ಮ ಕೆಲಸ ಬರೆದು ಕಂಪನಿಗೂ ಗುತ್ತಿಗೆದಾರನಿಗೂ ಕೊಟ್ಟಿದ್ದಾರೆ. ಅವರು ನಮ್ಮ ನೌಕರರಲ್ಲ ಎಂದು ಕಂಪನಿ ಹೇಳಿದೆ. ಗುತ್ತಿಗೆದಾರ ಇನ್ನೂ ಉತ್ತರ ಕೊಟ್ಟಿಲ್ಲ. ಈ ಸಲ ಬೇಡಿಕೆ ಪತ್ರಕ್ಕೆ ಚೆಕಿಂಗ್ ವಿಭಾಗದವರೂ ಸಹಿ ಹಾಕಿದ್ದಾರೆ, ಸ್ಟೋರ್‌ನ ಗಂಡಸರೂ ಹಾಕಿದ್ದಾರೆ.